ಕಡಲೆಕಾಯಿ ಎಣಿಸಿದವರು

ಕುರುಕ್ಷೇತ್ರದಲ್ಲಿ ಅಡುಗೆಗೆ ನಿಂತವರು ಯಾರು ಎಂದು ಕೇಳಿದರೆ ನಮ್ಮ ಕರಾವಳಿಯವರು ಥಟ್ಟನೆ ಹೇಳುತ್ತಾರೆ, ಉಡುಪಿಯ ರಾಜ ಎಂದು. ಕಥೆ ನಿಮಗೆ ಗೊತ್ತಿರುವುದೇ. ಅವನು ಕೌರವರ ಕಡೆಗೂ ಸೇರಲಿಲ್ಲ, ಪಾಂಡವರ ಕಡೆಗೂ ಸೇರಲಿಲ್ಲ. ಹೊಡೆದಾಡುವವರು ಹೊಡೆದಾಡಲಿ, ನಾನು ಎರಡೂ ಕಡೆಗೆ ಊಟ ಹಾಕುತ್ತೇನೆ ಎಂದ. ಹದಿನೆಂಟು ದಿನವೂ ಸಾವಿರಗಟ್ಟಲೆ ಜನ ಸಾಯುತ್ತಿದ್ದರೂ ಸಂಜೆಯ ಪಂಕ್ತಿಯಲ್ಲಿ ಒಂದು ಅಗುಳು ಮಿಗಲಿಲ್ಲ, ಒಂದು ಎಲೆಗೂ ಅನ್ನ ಸಾಲದೆ ಬರಲಿಲ್ಲ. ಯುದ್ಧ ಮುಗಿದ ಮೇಲೆ ಧರ್ಮರಾಯ ಗುಟ್ಟು ಕೇಳಿದನಂತೆ. "ರಾತ್ರಿ ಕೃಷ್ಣನಿಗೆ ಬೇಯಿಸಿದ ಕಡಲೆಕಾಯಿ ಎಣಿಸಿ ಇಡುತ್ತಿದ್ದೆ. ಎಷ್ಟು ತಿಂದಿದ್ದಾನೆ ಎಂದು ಆಮೇಲೆ ನೋಡುತ್ತಿದ್ದೆ. ಹತ್ತು ತಿಂದಿದ್ದರೆ ಮಾರನೆಯ ದಿನ ಹತ್ತು ಸಾವಿರ ಜನ ಕಡಿಮೆ ಎಂದು ಅಕ್ಕಿ ಅಳೆಯುತ್ತಿದ್ದೆ" ಎಂದನಂತೆ.

ವ್ಯಾಸಭಾರತದಲ್ಲಿ ಈ ಕಥೆ ಇಲ್ಲ. ಕಡಲೆಕಾಯಿಯೇ ದಕ್ಷಿಣ ಅಮೆರಿಕದ ಬೆಳೆ. ಕೊಲಂಬಸ್ ಹಡಗು ಹತ್ತುವ ಮೊದಲು ಅದು ನಮ್ಮ ಕಡೆ ಇರುವ ಮಾತೇ ಇಲ್ಲ. ಆದರೂ ಈ ಕಥೆ ಕಟ್ಟಿದವನು ಎಲ್ಲೋ ಉಗ್ರಾಣದಲ್ಲಿ ಕೆಲಸ ಮಾಡಿದ್ದವನೇ ಇರಬೇಕು ಎಂದು ನನ್ನ ಗುಮಾನಿ. ಏಕೆಂದರೆ ನಾನೂ ಅದೇ ಕೆಲಸದವನು. ಇತಿಹಾಸದ ಮೇಷ್ಟರಲ್ಲ. ಮೂವತ್ತೊಂದು ವರ್ಷ ಒಂದು ಸಹಕಾರ ಸಂಘದ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದೆ. ಗೊಬ್ಬರ, ಬಿತ್ತನೆ ಬೀಜ, ಸೀಮೆಎಣ್ಣೆ, ಪಡಿತರ ಅಕ್ಕಿ. ಒಂದು ಮುಂಗಾರಿನಲ್ಲಿ ಮೇಲಿನವರೊಬ್ಬರು ರೈತರ ಸಭೆಗೆ ಬಂದು, "ಯೂರಿಯಾ ಎಷ್ಟು ಬೇಕಾದರೂ ಬರುತ್ತದೆ, ನೀವು ಯೋಚನೆ ಮಾಡಬೇಡಿ" ಎಂದು ಹೇಳಿ ಕಾರು ಹತ್ತಿದರು. ಬಂದದ್ದು ನಲವತ್ತು ಚೀಲ. ಬೆಳಗಿನ ಜಾವದಿಂದ ಸಾಲು ನಿಂತ ಜನರ ಎದುರು ಬಾಗಿಲು ತೆರೆದವನು ನಾನು. ಆವತ್ತಿನಿಂದ "ಎಷ್ಟು ಬೇಕಾದರೂ" ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಬೆನ್ನಿನಲ್ಲಿ ಬೆವರು ಇಳಿಯುತ್ತದೆ.

ಎರಡನೆಯ ಮಹಾಯುದ್ಧದ ನಿರ್ಣಾಯಕ ಕದನಗಳ ಬಗ್ಗೆ ಮಾತಾಡಿ ಎಂದು ಇಲ್ಲಿಯವರು ಕೇಳಿದರು. ಸೇನಾಪತಿಗಳ ಚಾಣಾಕ್ಷತನ, ಟ್ಯಾಂಕುಗಳ ಬಲ ಎಲ್ಲವನ್ನೂ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಉಗ್ರಾಣದ ಬಾಗಿಲಿನಿಂದ ಕಂಡದ್ದನ್ನು ಹೇಳುತ್ತೇನೆ. ಈ ಕದನಗಳಲ್ಲಿ ಹೆಚ್ಚಿನವುಗಳಲ್ಲಿ, ಗುಂಡು ಹಾರುವುದಕ್ಕೆ ಮುಂಚೆಯೇ, ಯಾವನೋ ಒಬ್ಬ ಲೆಕ್ಕ ಹಾಕಿ "ಇದು ಸಾಲುವುದಿಲ್ಲ" ಎಂದು ಹೇಳಿದ್ದಾನೆ. ಅವನ ಮಾತನ್ನು ಕೇಳಿದರೋ, ಅವನನ್ನು ಎಬ್ಬಿಸಿ ಕಳುಹಿಸಿದರೋ ಎಂಬುದನ್ನು ನೋಡುತ್ತ ಹೋಗೋಣ.

ಮೊದಲು ಸ್ಟಾಲಿನ್‌ಗ್ರಾಡ್. 1942ರ ಜೂನ್ 28ರಂದು ಜರ್ಮನ್ನರು ದಕ್ಷಿಣ ರಷ್ಯಾದಲ್ಲಿ ದಾಳಿ ಶುರುಮಾಡಿದ್ದು ಎಣ್ಣೆಗಾಗಿ. ಮೈಕೊಪ್, ಗ್ರೋಜ್ನಿ, ಅವೆರಡನ್ನೂ ಮೀರಿಸುವ ಬಾಕು, ಇವು ಕಾಕಸಸ್ ಬೆಟ್ಟಗಳ ಆಚೀಚಿನ ಎಣ್ಣೆಯ ಊರುಗಳು. ಆಗಸ್ಟ್ 9ಕ್ಕೆ ಮೈಕೊಪ್ ಕೈವಶವಾಯಿತು. ಆದರೆ ಸೋವಿಯತ್ತರು ಹೊರಡುವ ಮುನ್ನ ಎಣ್ಣೆಬಾವಿಗಳನ್ನೆಲ್ಲ ಹಾಳುಗೆಡವಿ ಹೋಗಿದ್ದರು. ಬೀಗ ಒಡೆದು ಒಳಗೆ ಬಂದವನಿಗೆ ಖಾಲಿ ಗೋಣಿಚೀಲ ಸಿಕ್ಕಿತು. ಗ್ರೋಜ್ನಿಯನ್ನೂ ಬಾಕುವನ್ನೂ ಅವರು ಮುಟ್ಟಲೇ ಇಲ್ಲ.

ಬಾಕುವಿನ ಎಣ್ಣೆ ವೋಲ್ಗಾ ನದಿಯ ಮೇಲೆ ಉತ್ತರಕ್ಕೆ ಹೋಗುತ್ತಿತ್ತು. ಆ ದಾರಿಯನ್ನು ಕಡಿಯುವುದಕ್ಕೆ ಸ್ಟಾಲಿನ್‌ಗ್ರಾಡ್ ಬೇಕಿತ್ತು. ಈ ಊರು ಅಗಲವಿಲ್ಲದ ಊರು. ನದಿಯ ಪಶ್ಚಿಮ ದಡಕ್ಕೆ ಅಂಟಿಕೊಂಡು ಉದ್ದಕ್ಕೆ ಹತ್ತಾರು ಕಿಲೋಮೀಟರ್ ಚಾಚಿಕೊಂಡಿತ್ತು. ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ, ರೈಲು ನಿಲ್ದಾಣದಲ್ಲಿ, ಧಾನ್ಯದ ಎತ್ತರದ ಉಗ್ರಾಣದಲ್ಲಿ ಕೋಣೆ ಕೋಣೆಗೂ ಕಾದಾಡಿದ್ದನ್ನು ನೀವು ಕೇಳಿರುತ್ತೀರಿ. ನನ್ನ ಕಣ್ಣು ಹೋಗುವುದು ನದಿಯ ಕಡೆಗೆ. ಚುಯಿಕೋವ್ ಎಂಬ ಸೋವಿಯತ್ ಸೇನಾಪತಿಯ 62ನೆಯ ಸೈನ್ಯ ಪಶ್ಚಿಮ ದಡದಲ್ಲಿ ಗುಬ್ಬಚ್ಚಿ ಗೂಡಿನಷ್ಟು ಜಾಗ ಹಿಡಿದುಕೊಂಡು ಕೂತಿತ್ತು. ಅದಕ್ಕೆ ಬೇಕಾದ ರೊಟ್ಟಿ, ಗುಂಡು, ಹೊಸ ಆಳು ಎಲ್ಲವೂ ರಾತ್ರಿಯ ಹೊತ್ತು ದೋಣಿಯ ಮೇಲೆ ಬರಬೇಕು. ಗಾಯಾಳುಗಳು ಅದೇ ದೋಣಿಯಲ್ಲಿ ಹೋಗಬೇಕು. ಅವರು ಮಾಡಿದ ಒಂದು ಏರ್ಪಾಟು ನನಗೆ ಬಹಳ ಇಷ್ಟ. ದೊಡ್ಡ ಫಿರಂಗಿಗಳನ್ನು ಊರೊಳಗೆ ತರಲೇ ಇಲ್ಲ. ಪೂರ್ವದ ದಡದಲ್ಲೇ ನಿಲ್ಲಿಸಿ ನದಿಯ ಮೇಲಿಂದ ಹೊಡೆದರು. ಫಿರಂಗಿಯ ಗುಂಡು ದೋಣಿಯಲ್ಲಿ ದಾಟಬೇಕಿಲ್ಲ, ಗಾಳಿಯಲ್ಲೇ ದಾಟಿಕೊಳ್ಳುತ್ತದೆ. ಉಳಿದ ದೋಣಿಗಳಲ್ಲಿ ಊಟ ಬರಲಿ! ಇಂಥ ಉಪಾಯ ಸಾಮಾನು ಹೊರಿಸಿ ಅಭ್ಯಾಸವಿದ್ದವನಿಗೆ ಮಾತ್ರ ಹೊಳೆಯುತ್ತದೆ.

ಜರ್ಮನ್ನರ ಕಡೆ ಏನಾಗಿತ್ತು? ಊರೊಳಗೆ ತಮ್ಮ ಒಳ್ಳೆಯ ಪಡೆಗಳನ್ನೆಲ್ಲ ಸುರಿದು, ಎರಡು ಬದಿಯ ಕಾವಲಿಗೆ ರೊಮೇನಿಯಾದ ಸೈನ್ಯಗಳನ್ನು ನಿಲ್ಲಿಸಿದ್ದರು. ಆ ರೊಮೇನಿಯನ್ನರ ಹಿಂದೆ ಬೆಂಬಲಕ್ಕೆ ಇದ್ದದ್ದು ಜರ್ಮನ್ನರ 22ನೆಯ ಪ್ಯಾಂಜರ್ ಡಿವಿಷನ್, ಅಂದರೆ ಟ್ಯಾಂಕು ಪಡೆ. ಪೆಟ್ರೋಲ್ ಅಭಾವದಿಂದ ಅದರ ಟ್ಯಾಂಕುಗಳನ್ನು ಓಡಿಸದೆ ಹಳ್ಳ ತೋಡಿ ನಿಲ್ಲಿಸಿ, ಚಳಿಗೆ ಹುಲ್ಲು ಮುಚ್ಚಿದ್ದರು. ಹುಲ್ಲಿದ್ದಲ್ಲಿಗೆ ಇಲಿ ಬಾರದೆ ಇರುತ್ತದೆಯೇ? ನವೆಂಬರ್ 19ರಂದು ಸೋವಿಯತ್ ದಾಳಿ ಶುರುವಾಗಿ, ಟ್ಯಾಂಕು ಹೊರಡಿಸಿ ಎಂದು ಆಜ್ಞೆ ಬಂದಾಗ ಎಷ್ಟೋ ಟ್ಯಾಂಕುಗಳು ಕೆಮ್ಮಲೂ ಇಲ್ಲ. ಒಳಗಿನ ವಿದ್ಯುತ್ ತಂತಿಗಳ ಹೊದಿಕೆಯನ್ನು ಇಲಿಗಳು ತಿಂದುಹಾಕಿದ್ದವು. ನಮ್ಮ ಉಗ್ರಾಣದಲ್ಲಿ ತಿಂಗಳಿಗೊಮ್ಮೆ ಚೀಲಗಳನ್ನು ಪಕ್ಕಕ್ಕೆ ಸರಿಸಿ ನೋಡಿ ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ.

ನವೆಂಬರ್ 23ರಂದು ಕಲಾಚ್ ಎಂಬಲ್ಲಿ ಸೋವಿಯತ್ತರ ಎರಡು ತೋಳುಗಳು ಕೂಡಿಕೊಂಡವು. ಜರ್ಮನ್ ಸೇನಾಪತಿ ಪೌಲಸ್‌ನ 6ನೆಯ ಸೈನ್ಯ, ಸುಮಾರು ಎರಡೂವರೆ ಲಕ್ಷ ಜನ, ಒಳಗೆ ಸಿಕ್ಕಿಬಿದ್ದರು. ಮೇವಿಗೆ ಕಷ್ಟವೆಂದು ಅವರ ಕುದುರೆಗಳಲ್ಲಿ ಹೆಚ್ಚಿನವನ್ನು ಮೊದಲೇ ಹಿಂದಕ್ಕೆ ಕಳುಹಿಸಿಯಾಗಿತ್ತು. ಹೀಗಾಗಿ ಫಿರಂಗಿ ಎಳೆಯುವುದಕ್ಕೂ ಕುದುರೆ ಇಲ್ಲ, ಆಮೇಲೆ ಕೊಯ್ದು ತಿನ್ನುವುದಕ್ಕೂ ಸಾಕಷ್ಟು ಇಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಸೈನ್ಯ ಕೇಳಿದ್ದು ದಿನಕ್ಕೆ 750 ಟನ್. ಚೌಕಾಸಿ ಮಾಡಿ 500ಕ್ಕೆ ಇಳಿಸಿದರು. ಯೂಂಕರ್ಸ್ 52 ಎಂಬ ಸಾಗಣೆ ವಿಮಾನ ಒಂದು ಸಲಕ್ಕೆ ಹೊರುವುದು ಎರಡು ಟನ್‌ಗಿಂತ ಸ್ವಲ್ಪ ಹೆಚ್ಚು. ಅಂದರೆ ದಿನವೊಂದಕ್ಕೆ ಇನ್ನೂರಕ್ಕೂ ಮಿಕ್ಕಿ ವಿಮಾನಗಳು ಇಳಿದು, ಸಾಮಾನು ಇಳಿಸಿ, ಮತ್ತೆ ಏರಬೇಕು. ರಷ್ಯಾದ ಡಿಸೆಂಬರಿನಲ್ಲಿ, ಮಂಜಿನಲ್ಲಿ, ಶತ್ರುವಿನ ಗುಂಡಿನ ನಡುವೆ. ಅಲ್ಲಿನ ವಾಯುಪಡೆಯ ಸೇನಾಪತಿ ರಿಖ್ಟ್‌ಹೋಫೆನ್, ಅವನ ಕೈಕೆಳಗಿನ ಫೀಬಿಗ್ ಇಬ್ಬರೂ ಇದು ಆಗುವ ಹೋಗುವ ಮಾತಲ್ಲ ಎಂದು ಮೊದಲ ದಿನವೇ ಹೇಳಿದರು. ಬರ್ಲಿನ್ನಿನ ವಾಯುಪಡೆ ಮುಖ್ಯಸ್ಥ ಗೋರಿಂಗ್ ಮಾತ್ರ ಆಗುತ್ತದೆ ಎಂದು ಹಿಟ್ಲರನಿಗೆ ಮಾತು ಕೊಟ್ಟ. ನನ್ನ ಯೂರಿಯಾದ ಸಾಹೇಬರು ಕಣ್ಣಮುಂದೆ ಬರುವುದು ಇಲ್ಲಿಯೇ.

ಬಂದದ್ದು ಸರಾಸರಿ ದಿನಕ್ಕೆ ನೂರು ಟನ್ನಿನ ಆಸುಪಾಸು. ಎರಡೂವರೆ ಲಕ್ಷ ಜನಕ್ಕೆ ಭಾಗಿಸಿ ನೋಡಿ: ತಲೆಗೆ 400 ಗ್ರಾಂ. ಅಷ್ಟರಲ್ಲೇ ಪೆಟ್ರೋಲು, ಅಷ್ಟರಲ್ಲೇ ಗುಂಡು, ಅಷ್ಟರಲ್ಲೇ ಗಾಯಕ್ಕೆ ಸುತ್ತುವ ಬಟ್ಟೆ, ಉಳಿದದ್ದು ಊಟ. ಬ್ರೆಡ್ಡಿನ ಪಡಿ ದಿನಕ್ಕೆ 100 ಗ್ರಾಂ ಆಸುಪಾಸಿಗೆ ಇಳಿಯಿತು. ಇದನ್ನು ಕಂಡು ಮನಸ್ಸು ತಡೆಯದ ಒಬ್ಬನಿದ್ದ. ಸೈನ್ಯದ ಮುಖ್ಯಾಧಿಕಾರಿ ಝೈಟ್ಸ್‌ಲರ್. ಹಿಟ್ಲರನ ಮುಖ್ಯ ಕಚೇರಿಯಲ್ಲಿ, ಬೆಚ್ಚಗಿನ ಊಟದ ಮನೆಯಲ್ಲಿ ಕೂತು, ಸ್ಟಾಲಿನ್‌ಗ್ರಾಡಿನ ಸಿಪಾಯಿಗೆ ಏನು ಪಡಿಯೋ ಅಷ್ಟನ್ನೇ ತಾನೂ ತಿನ್ನತೊಡಗಿದ. ಎರಡೇ ವಾರದಲ್ಲಿ ಹತ್ತು ಹನ್ನೆರಡು ಕಿಲೋ ಇಳಿದು ಕೋಟು ಜೋಲಾಡತೊಡಗಿತು. ಹಿಟ್ಲರ್ ಏನು ಮಾಡಿದ ಗೊತ್ತೇ? ಸರಿಯಾಗಿ ಊಟ ಮಾಡು ಎಂದು ಅವನಿಗೆ ಆಜ್ಞೆ ಹೊರಡಿಸಿದ. ಎದುರಿಗೇ ಕೂತ ಒಬ್ಬ ಮನುಷ್ಯನ ಮೈಯಲ್ಲಿ ಲೆಕ್ಕ ಕಾಣುತ್ತಿದ್ದರೂ ಅವನು ಸರಿಪಡಿಸಲು ಹೋದದ್ದು ಆ ಒಂದು ತಟ್ಟೆಯನ್ನು.

ಡಿಸೆಂಬರ್ 12ರಂದು ಹೊರಗಿದ್ದ ಜರ್ಮನ್ ಸೇನಾಪತಿ ಮಾನ್‌ಸ್ಟೈನ್ ಇವರನ್ನು ಬಿಡಿಸಿಕೊಳ್ಳಲು ಹೊರಟು ಸುಮಾರು 50 ಕಿಲೋಮೀಟರ್ ದೂರದವರೆಗೆ ಬಂದು ಮುಟ್ಟಿದ. ಒಳಗಿದ್ದವರ ಟ್ಯಾಂಕುಗಳಲ್ಲಿ ಸುಮಾರು 30 ಕಿಲೋಮೀಟರ್ ಓಡುವಷ್ಟೇ ಪೆಟ್ರೋಲ್ ಇತ್ತು. ಉಳಿದ ಇಪ್ಪತ್ತು ಕಿಲೋಮೀಟರ್ ಎಂದರೆ ಇಲ್ಲಿಂದ ಪಕ್ಕದ ತಾಲೂಕು. ಡಿಸೆಂಬರ್ 24ರಂದು ಸೋವಿಯತ್ ಟ್ಯಾಂಕುಗಳು ತಾತ್ಸಿನ್‌ಸ್ಕಾಯಾ ವಿಮಾನನೆಲೆಗೇ ನುಗ್ಗಿದವು. ಸಾಮಾನು ಹೊರಡುತ್ತಿದ್ದ ಜಾಗವೇ ಅದು. ಜನವರಿಯಲ್ಲಿ ಒಳಗಿನ ಪಿತೋಮ್ನಿಕ್, ಗುಮ್ರಾಕ್ ನೆಲೆಗಳೂ ಹೋದವು.

1943ರ ಜನವರಿ 30ರಂದು ಹಿಟ್ಲರ್ ಪೌಲಸ್‌ನಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಈ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಜಗತ್ತಿನ ಇತಿಹಾಸದಲ್ಲಿ ಸಿಕ್ಕಿಲ್ಲ. ಜರ್ಮನ್ ಫೀಲ್ಡ್ ಮಾರ್ಷಲ್ ಯಾರೂ ಈವರೆಗೆ ಶರಣಾಗಿಲ್ಲ, ಆದ್ದರಿಂದ ನೀನು ಏನು ಮಾಡಬೇಕೆಂದು ನಿನಗೇ ತಿಳಿಯಬೇಕು ಎಂಬುದು ಆ ಮಲ್ಲಿಗೆಯ ಅರ್ಥ. ಮಾರನೆಯ ದಿನ ಒಂದು ದೊಡ್ಡ ಅಂಗಡಿಯ ನೆಲಮಾಳಿಗೆಯಿಂದ ಪೌಲಸ್ ಹೊರಗೆ ಬಂದು ಶರಣಾದ. ಸೆರೆ ಸಿಕ್ಕವರು ಸುಮಾರು 91,000. ಅವರಲ್ಲಿ ಮನೆಗೆ ಮರಳಿದವರು ಐದಾರು ಸಾವಿರ. ಗೆದ್ದವರ ಕಡೆ ಸತ್ತವರು, ಕಾಣೆಯಾದವರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಗೆಲುವು ಎಂಬ ಪದವನ್ನು ಇಲ್ಲಿ ಮೆಲ್ಲಗೆ ಹೇಳಬೇಕು.

ಅದೇ ಚಳಿಗಾಲಕ್ಕೆ ಸ್ವಲ್ಪ ಮುಂಚೆ ಈಜಿಪ್ಟಿನ ಮರಳಿನಲ್ಲಿ ಎಲ್ ಅಲಮೈನ್. ಇದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಲೆಕ್ಕ ಅಷ್ಟು ಸರಳ. ಬ್ರಿಟಿಷರ ಬಂದರು ಅಲೆಕ್ಸಾಂಡ್ರಿಯಾ ಬೆನ್ನ ಹಿಂದೆ ನೂರು ಕಿಲೋಮೀಟರ್. ಎದುರಿದ್ದ ಜರ್ಮನ್ ಸೇನಾಪತಿ ರೊಮೆಲ್‌ನ ದೊಡ್ಡ ಬಂದರು, ಲಿಬಿಯಾದ ಟ್ರಿಪೋಲಿ, ಸುಮಾರು ಎರಡು ಸಾವಿರ ಕಿಲೋಮೀಟರ್. ಅಲ್ಲಿಂದ ಪೆಟ್ರೋಲ್ ಹೊತ್ತು ಹೊರಟ ಲಾರಿ, ತಾನು ತಂದದ್ದರಲ್ಲಿ ದೊಡ್ಡ ಪಾಲನ್ನು ತಾನೇ ಕುಡಿದು ಬರುತ್ತದೆ. ಬಂದರಿಗೆ ಮುಟ್ಟುವುದೂ ಸುಲಭವಿರಲಿಲ್ಲ. ಯಾವ ಹಡಗು ಯಾವಾಗ ಹೊರಡುತ್ತದೆ ಎಂದು ಬ್ರಿಟಿಷರು ಗುಪ್ತಲಿಪಿ ಬಿಡಿಸಿ ಓದುತ್ತಿದ್ದರು. 1942ರ ಅಕ್ಟೋಬರ್ 23ರ ರಾತ್ರಿ ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮರಿಯ ದಾಳಿ ಶುರುವಾಯಿತು. 26ರಂದು ಪ್ರೊಸರ್ಪಿನಾ ಎಂಬ ಎಣ್ಣೆ ಹಡಗು ದಡದ ಹತ್ತಿರ ಬಂದು ಉರಿದುಹೋಯಿತು. ಅಲ್ಲಿಗೆ ರೊಮೆಲ್‌ನ ಕೈಕಾಲು ಕಟ್ಟಿದಂತಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳಲ್ಲ. ಈ ಮನುಷ್ಯನ ಹಾಸಿಗೆ ಟ್ರಿಪೋಲಿಯಲ್ಲಿತ್ತು, ಕಾಲು ಅಲೆಕ್ಸಾಂಡ್ರಿಯಾದ ಹೊಸ್ತಿಲಲ್ಲಿತ್ತು.

ಇದಕ್ಕೂ ಮೊದಲು, 1940–41ರಲ್ಲಿ, ಇದೇ ಮರುಭೂಮಿಯಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರಲ್ಲಿ ಸಾವಿರಾರು ಮಂದಿಯನ್ನು ಬೆಂಗಳೂರಿಗೆ ತಂದು ಶಿಬಿರಗಳಲ್ಲಿ ಇಟ್ಟಿದ್ದರು. ಜಾಲಹಳ್ಳಿಯ ಕಡೆಯ ಹಿರಿಯರಿಗೆ ಅವರ ನೆನಪು ಬಹಳ ಕಾಲ ಇತ್ತು. ಮರುಭೂಮಿಯಲ್ಲಿ ಸೋತವನಿಗೆ ರಾಗಿಯ ಹೊಲದ ಪಕ್ಕ ಬಿಡಾರ!

ಇನ್ನು ಅಟ್ಲಾಂಟಿಕ್. ಇದನ್ನು ಕದನ ಎನ್ನಬೇಕೋ ಬೇಡವೋ ಗೊತ್ತಿಲ್ಲ. ಯುದ್ಧದ ಮೊದಲ ದಿನದಿಂದ ಕೊನೆಯ ವಾರದವರೆಗೆ ನಡೆಯಿತು. ಬ್ರಿಟನ್ ಎಂಬ ದ್ವೀಪಕ್ಕೆ ವಾರಕ್ಕೆ ಸುಮಾರು ಹತ್ತು ಲಕ್ಷ ಟನ್ ಸಾಮಾನು ಹಡಗಿನಲ್ಲಿ ಬರಬೇಕಿತ್ತು. ಜರ್ಮನ್ ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸುತ್ತಿದ್ದವು. ಮುಳುಗಿಸುವ ವೇಗ ಕಟ್ಟುವ ವೇಗವನ್ನು ಮೀರಿದರೆ ಬ್ರಿಟನ್ ಮುಗಿಯಿತು. ಇಷ್ಟೇ ಲೆಕ್ಕ. ಆ ವ್ಯಾಪಾರಿ ಹಡಗುಗಳ ನಾವಿಕರಲ್ಲಿ ಹೆಚ್ಚುಕಡಿಮೆ ಕಾಲುಭಾಗ ನಮ್ಮ ದೇಶದವರು ಎಂಬುದನ್ನು ಮರೆಯಬಾರದು. ಲಷ್ಕರ್ ಎಂದು ಅವರನ್ನು ಕರೆಯುತ್ತಿದ್ದರು. ಬಹಳಷ್ಟು ಜನರಿಗೆ ಕೆಲಸ ಹಡಗಿನ ತಳದ ಎಂಜಿನ್ ಕೋಣೆಯಲ್ಲಿ. ಟಾರ್ಪಿಡೊ ಬಡಿದಾಗ ಮೊದಲು ನೀರು ನುಗ್ಗುವುದು ಅಲ್ಲಿಗೆ.

ಈ ಕಡಲಿನ ಯುದ್ಧದ ಒಂದು ಮುಖ್ಯ ಪಾಠ ಕಲಿತದ್ದು ಲಿವರ್‌ಪೂಲ್ ನಗರದ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ, ನೆಲದ ಮೇಲೆ. ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿ 1942ರ ಆರಂಭದಲ್ಲಿ ಅಲ್ಲಿ ಲಿನೋಲಿಯಂ ಹಾಸಿನ ಮೇಲೆ ಚೌಕಗಳನ್ನು ಬರೆಸಿ, ಮರದ ಪುಟ್ಟ ಹಡಗುಗಳನ್ನಿಟ್ಟು ಆಟ ಆಡಿಸತೊಡಗಿದ. ಆಡಿಸುತ್ತಿದ್ದವರು ಹದಿಹರೆಯ, ಇಪ್ಪತ್ತರ ಹರೆಯದ ಹೆಣ್ಣುಮಕ್ಕಳು. ಮಂಡಿಯೂರಿ ಕೂತು ಸೀಮೆಸುಣ್ಣದಲ್ಲಿ ಹಡಗಿನ ದಾರಿ ಗೀಚುತ್ತಿದ್ದರು. ಕಾವಲು ಹಡಗುಗಳಿಗೆ ಬಿಳಿ ಬಣ್ಣ, ಜಲಾಂತರ್ಗಾಮಿಗೆ ಹಸಿರು. ಸುತ್ತಲೂ ಕಟ್ಟಿದ ಪರದೆಯ ಸಂದಿನಿಂದ ಇಣುಕುವ ಕ್ಯಾಪ್ಟನ್ನರಿಗೆ ಕಂದು ನೆಲದ ಮೇಲಿನ ಹಸಿರು ಗೆರೆ ಕಾಣುತ್ತಿರಲಿಲ್ಲ. ರಾತ್ರಿ ಕಡಲಿನಲ್ಲಿ ಕಾಣುವಷ್ಟೇ ಅವರಿಗೆ ಕಾಣಬೇಕು! ಹೀಗೆ ಮತ್ತೆ ಮತ್ತೆ ಆಡಿದಾಗ ಒಂದು ಸಂಗತಿ ಹೊರಬಿತ್ತು. ಜಲಾಂತರ್ಗಾಮಿ ಹೊರಗಿನಿಂದ ಗುಂಡು ಹೊಡೆಯುತ್ತಿಲ್ಲ. ರಾತ್ರಿ ನೀರಿನ ಮೇಲೇ ತೇಲಿ, ಹಿಂದಿನಿಂದ ಹಡಗುಗಳ ಸಾಲಿನೊಳಗೇ ಬಂದು ಹೊಡೆದು ಮುಳುಗುತ್ತಿದೆ. ಕಳ್ಳ ಸಂತೆಯ ಒಳಗೇ ಇದ್ದಾನೆ, ಕಾವಲಿನವರು ಊರ ಹೊರಗೆ ಹುಡುಕುತ್ತಿದ್ದಾರೆ. ಅದಕ್ಕೆ ಕಂಡುಹಿಡಿದ ಎದುರು ತಂತ್ರಕ್ಕೆ ರಾಸ್ಪ್‌ಬೆರಿ ಎಂದು ಹೆಸರಿಟ್ಟವಳು ಜೀನ್ ಲೇಡ್ಲಾ. ಅವಳ ಕಸುಬು ಏನಿತ್ತು ಎನ್ನುತ್ತೀರಿ? ಲೆಕ್ಕಪರಿಶೋಧನೆ. ಇದನ್ನು ಓದಿದ ದಿನ ನಾನು ಮನೆಯಲ್ಲಿ ಎಲ್ಲರಿಗೂ ಹೇಳಿ ಹೇಳಿ ಬೈಸಿಕೊಂಡೆ.

1943ರ ಮಾರ್ಚಿನಲ್ಲಿ ಎರಡು ಹಡಗು ಸಾಲುಗಳ ಮೇಲೆ ನಡೆದ ಒಂದೇ ಕಾಳಗದಲ್ಲಿ 22 ಹಡಗುಗಳು ಮುಳುಗಿದವು. ಎಲ್ಲರೂ ಕೈಚೆಲ್ಲುವ ಹೊತ್ತು. ಎರಡೇ ತಿಂಗಳಲ್ಲಿ ತಕ್ಕಡಿ ತಿರುಗಿತು. ನಡುಗಡಲಿನವರೆಗೆ ಹಾರಬಲ್ಲ ಲಿಬರೇಟರ್ ವಿಮಾನಗಳು, ಹೊಸ ರೇಡಾರು, ಕಲಿತ ಕ್ಯಾಪ್ಟನ್ನರು ಎಲ್ಲ ಒಟ್ಟಿಗೆ ಒದಗಿಬಂದವು. ಮೇ ಒಂದೇ ತಿಂಗಳಲ್ಲಿ ಜರ್ಮನರ ಸುಮಾರು 41 ಜಲಾಂತರ್ಗಾಮಿಗಳು ನಾಶವಾದವು. ಮೇ 24ರಂದು ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡ್ಯೋನಿಟ್ಸ್ ಅವುಗಳನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡ. ಹಡಗಿನ ದಾರಿ ತೆರೆಯಿತು. ತೆರೆದದ್ದರಿಂದಲೇ 1944ರ ಜೂನ್ 6ರಂದು ಬ್ರಿಟನ್, ಅಮೆರಿಕದ ಕಡೆಯವರು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯುವುದು ಸಾಧ್ಯವಾಯಿತು. ನಾರ್ಮಂಡಿಯ ಬಗ್ಗೆ ಒಂದೇ ಮಾತು. ಅಂದು ಮುಳ್ಳುತಂತಿಯ ಕೆಳಗೆ ತೂರಿಸಿ ಸಿಡಿಸಿದ ಉದ್ದನೆಯ ಕೊಳವೆ ಬಾಂಬಿಗೆ ಬೆಂಗಳೂರು ಟಾರ್ಪಿಡೊ ಎಂದು ಹೆಸರು. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳದ ಮೆಕ್ಲಿಂಟಾಕ್ ಎಂಬ ಅಧಿಕಾರಿ ಮಾಡಿದ್ದು. ನಮ್ಮ ಊರಿನ ಹೆಸರು ಫ್ರಾನ್ಸಿನ ಮರಳಿನಲ್ಲಿ ಸಿಡಿಯಿತು ಎಂದು ಹೆಮ್ಮೆಪಡಬೇಕೋ ಬೇಡವೋ, ನೀವೇ ಯೋಚಿಸಿ.

ಇಷ್ಟು ಹೊತ್ತಿಗೆ ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿರುತ್ತದೆ, ಈ ಉಗ್ರಾಣದವನಿಗೆ ಎಲ್ಲವೂ ಮೂಟೆಯಾಗಿಯೇ ಕಾಣುತ್ತದೆ ಎಂದು. ಒಪ್ಪುತ್ತೇನೆ. ನನ್ನ ಲೆಕ್ಕಕ್ಕೆ ಸಿಗದ ಕದನವೊಂದಿದೆ, ಮಿಡ್‌ವೇ. ಪೆಸಿಫಿಕ್ ಸಾಗರದ ನಡುವಿನ ಒಂದು ಚುಕ್ಕೆ. ಜಪಾನಿಯರ ಮುಂದಿನ ಗುರಿಗೆ ಎಎಫ್ ಎಂಬ ಗುಪ್ತನಾಮವಿತ್ತು. ಅದು ಮಿಡ್‌ವೇ ಇರಬೇಕೆಂದು ರೋಷ್‌ಫರ್ಟ್ ಎಂಬ ಅಮೆರಿಕನ್ ಅಧಿಕಾರಿಯ ತಂಡಕ್ಕೆ ಊಹೆ. ಖಚಿತಪಡಿಸಿಕೊಳ್ಳಲು ಒಂದು ಹಂಚಿಕೆ ಹೂಡಿದರು. ಇಲ್ಲಿ ಕುಡಿಯುವ ನೀರಿನ ಯಂತ್ರ ಕೆಟ್ಟಿದೆ ಎಂದು ಮಿಡ್‌ವೇಯಿಂದ ಬಹಿರಂಗವಾಗಿ ರೇಡಿಯೊ ಸಂದೇಶ ಕಳುಹಿಸಿದರು. ಸ್ವಲ್ಪದರಲ್ಲೇ ಎಎಫ್‌ನಲ್ಲಿ ನೀರಿಗೆ ತತ್ವಾರ ಎಂದು ಜಪಾನಿಯರ ಸಂದೇಶ ಸಿಕ್ಕಿತು. ಆದರೆ 1942ರ ಜೂನ್ 4ರ ಬೆಳಿಗ್ಗೆ ನಡೆದದ್ದು? ಮೆಕ್ಲಸ್ಕಿ ಎಂಬ ವಿಮಾನದಳದ ನಾಯಕ ಹೇಳಿದ ಜಾಗಕ್ಕೆ ಹೋದರೆ ಖಾಲಿ ಸಮುದ್ರ. ಪೆಟ್ರೋಲ್ ಮುಗಿಯುತ್ತ ಬಂದಿದೆ. ಮರಳುವ ಬದಲು ಇನ್ನೂ ಸ್ವಲ್ಪ ಹುಡುಕಿದ; ಕೆಳಗೆ ಒಂಟಿ ಜಪಾನಿ ಹಡಗೊಂದು ಅವಸರದಲ್ಲಿ ಓಡುತ್ತಿರುವುದು ಕಂಡಿತು. ಗುಂಪಿಗೆ ತಡವಾದವನ ಓಟ ಅದು ಎಂದು ಅದರ ದಿಕ್ಕನ್ನೇ ಹಿಡಿದ. ಹತ್ತೂವರೆಯೊಳಗೆ, ಕೆಲವೇ ನಿಮಿಷಗಳಲ್ಲಿ, ಜಪಾನಿನ ಮೂರು ವಿಮಾನವಾಹಕ ನೌಕೆಗಳು ಹೊತ್ತಿ ಉರಿಯುತ್ತಿದ್ದವು. ನಾಲ್ಕನೆಯದರ ಸರದಿ ಸಂಜೆಗೆ ಬಂತು. ಅವನು ಪೆಟ್ರೋಲಿನ ಮುಳ್ಳು ನೋಡಿ ಲೆಕ್ಕದಂತೆ ಹಿಂದಿರುಗಿದ್ದರೆ? ನನ್ನಂಥವನು ಆ ವಿಮಾನದಲ್ಲಿದ್ದಿದ್ದರೆ ಖಂಡಿತ ಹಿಂದಿರುಗುತ್ತಿದ್ದೆ. ಅಮೆರಿಕದವರು ಆ ವರ್ಷದ ಕೊನೆಯಿಂದ ಯುದ್ಧ ಮುಗಿಯುವುದರೊಳಗೆ 17 ಹೊಸ ದೊಡ್ಡ ವಿಮಾನವಾಹಕಗಳನ್ನು ಕಡಲಿಗೆ ಇಳಿಸಿದರು, ಆದ್ದರಿಂದ ಕೊನೆಗೆ ಗೆಲ್ಲುತ್ತಲೇ ಇದ್ದರು ಎಂದು ವಾದಿಸಬಹುದು. ವಾದಿಸುವುದಿಲ್ಲ, ಇದೊಂದನ್ನು ಬಿಟ್ಟುಕೊಡುತ್ತೇನೆ.

ಈಗ ನಮ್ಮ ಮಣ್ಣಿಗೆ ಬರೋಣ. ಕೊಹಿಮಾ ಮತ್ತು ಇಂಫಾಲ. 2013ರಲ್ಲಿ ಲಂಡನ್ನಿನ ರಾಷ್ಟ್ರೀಯ ಸೇನಾ ಸಂಗ್ರಹಾಲಯ ಬ್ರಿಟನ್ನಿನ ಅತಿ ದೊಡ್ಡ ಕದನ ಯಾವುದೆಂದು ಮತಕ್ಕೆ ಹಾಕಿದಾಗ ಗೆದ್ದದ್ದು ಇದು. ಅಲ್ಲಿ ಕಾದಿದವರಲ್ಲಿ ಬಹುಪಾಲು ಭಾರತೀಯರು. ನಮ್ಮ ಶಾಲೆಯ ಪುಸ್ತಕದಲ್ಲಿ ನಾನು ಇದರ ಹೆಸರನ್ನೇ ಓದಿರಲಿಲ್ಲ.

1944ರ ಮಾರ್ಚಿನಲ್ಲಿ ಜಪಾನಿನ ಸೇನಾಪತಿ ಮುತಗುಚಿ ಸುಮಾರು 85,000 ಜನರೊಂದಿಗೆ ಬರ್ಮಾದಿಂದ ಚಿಂದ್ವಿನ್ ನದಿ ದಾಟಿದ. ಕೈಯಲ್ಲಿದ್ದ ಬುತ್ತಿ ಮೂರು ವಾರಕ್ಕೆ. ಅದಕ್ಕೆ ಅವನ ಹತ್ತಿರ ಎರಡು ಉಪಾಯಗಳಿದ್ದವು. ಒಂದು, ಚೆಂಗಿಸ್ ಖಾನನ ಹಾಗೆ ದನಕರು, ಆಡು ಕುರಿಗಳನ್ನು ಹೊಡೆದುಕೊಂಡು ಹೋಗುವುದು. ಸಾಮಾನನ್ನೂ ಹೊರುತ್ತವೆ, ಆಮೇಲೆ ಊಟವೂ ಆಗುತ್ತವೆ. ಇನ್ನೊಂದು, ಮೂರು ವಾರದೊಳಗೆ ಇಂಫಾಲ್ ಹಿಡಿದು ಬ್ರಿಟಿಷರ ಉಗ್ರಾಣದಿಂದಲೇ ಉಣ್ಣುವುದು. ದನ ಕಾಯ್ದವರು ಯಾರಾದರೂ ಇಲ್ಲಿ ಇದ್ದರೆ ಮೊದಲ ಉಪಾಯ ಕೇಳಿ ನಗುತ್ತೀರಿ. ನೇಗಿಲು ಎಳೆದು ಅಭ್ಯಾಸವಿರುವ ಎತ್ತಿನ ಬೆನ್ನಿಗೆ ಮೂಟೆ ಕಟ್ಟಿ ಎಂಟು ಸಾವಿರ ಅಡಿ ಬೆಟ್ಟ ಹತ್ತಿಸಿದರೆ ಅದು ಮಲಗುತ್ತದೆ, ಇಲ್ಲವೇ ಕಣಿವೆಗೆ ಉರುಳುತ್ತದೆ. ಹಾಗೆಯೇ ಆಯಿತು. ಎಷ್ಟೋ ದನಗಳು ನದಿಯಲ್ಲೇ ಕೊಚ್ಚಿಹೋದವು.

ಮುತಗುಚಿಯ ಕಚೇರಿಯಲ್ಲಿ ಒಬಾಟ ಎಂಬ ಮುಖ್ಯಾಧಿಕಾರಿ ಇದ್ದ. ಸಾಗಣೆಯ ವಿಷಯದಲ್ಲಿ ಪಳಗಿದವನು. ಈ ಬೆಟ್ಟಗಳಲ್ಲಿ ಸೈನ್ಯಕ್ಕೆ ಊಟ ಒದಗಿಸುವುದು ಆಗದ ಮಾತು ಎಂದ. ಅವನನ್ನು 1943ರಲ್ಲೇ ಎತ್ತಂಗಡಿ ಮಾಡಿದರು. 31ನೆಯ ಡಿವಿಷನ್ನಿನ ಮುಖ್ಯಸ್ಥ ಸಾಟೊ ಇನ್ನೂ ಬಿಚ್ಚುಮಾತಿನವನು. ಪವಾಡ ನಡೆಯದಿದ್ದರೆ ನಾವೆಲ್ಲ ಹಸಿವಿನಿಂದ ಸಾಯಬಹುದು ಎಂದು ಹೊರಡುವ ಮೊದಲೇ ತನ್ನ ಅಧಿಕಾರಿಗಳಿಗೆ ಹೇಳಿದ್ದ. ಹೇಳಿ, ಆಜ್ಞೆಯಂತೆ ಹೊರಟ.

ಏಪ್ರಿಲ್ ಮೊದಲ ವಾರ ಸಾಟೊ ಕೊಹಿಮಾ ಮುಟ್ಟಿದ. ಅಲ್ಲಿ ಬ್ರಿಟಿಷರ ಕಡೆ ಇದ್ದವರು ಸುಮಾರು 2,500 ಜನ. ಅವರಲ್ಲಿ ಬಂದೂಕು ಹಿಡಿದು ಅಭ್ಯಾಸವಿದ್ದವರು ಒಂದೂವರೆ ಸಾವಿರ. ಉಳಿದವರು ಗುಮಾಸ್ತರು, ಅಡುಗೆಯವರು, ಉಗ್ರಾಣದವರು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಒಂದು ಕಡೆ ಇವರು, ಇನ್ನೊಂದು ಕಡೆ ಅವರು. ನಡುವೆ ಚೆಂಡು ಎಸೆಯುವಷ್ಟು ದೂರ, ಎಸೆದದ್ದು ಕೈಬಾಂಬು. ನೀರಿನ ಮೂಲ ಶತ್ರುವಿನ ಕೈಸೇರಿ, ಒಬ್ಬೊಬ್ಬರಿಗೆ ದಿನಕ್ಕೆ ಒಂದು ದೊಡ್ಡ ಲೋಟದಷ್ಟು ನೀರು. ಏಪ್ರಿಲ್ 18ರಂದು ಪಂಜಾಬ್ ರೆಜಿಮೆಂಟಿನ ಸೈನಿಕರು ಒಳಗೆ ಬಂದು ಮುಟ್ಟುವವರೆಗೆ ಹಾಗೇ ನಿಂತರು. ಕೊಹಿಮಾದಿಂದ ಕೆಳಗೆ ದಿಮಾಪುರದಲ್ಲಿ ಹನ್ನೊಂದು ಮೈಲಿ ಉದ್ದ, ಒಂದು ಮೈಲಿ ಅಗಲ ಹರಡಿಕೊಂಡ ಬ್ರಿಟಿಷರ ದಾಸ್ತಾನು ಇತ್ತು. ಹನ್ನೊಂದು ಮೈಲಿ ಉಗ್ರಾಣ! ಹಸಿದ ಸೈನ್ಯ ಅದರ ಬಾಗಿಲಿನ ಹತ್ತಿರದಲ್ಲೇ ಕೂತು ಒಂದು ಟೆನಿಸ್ ಅಂಗಳಕ್ಕಾಗಿ ಸಾಯುತ್ತಿತ್ತು. ಮುತಗುಚಿಗೆ ದಿಮಾಪುರದವರೆಗೆ ಹೋಗುವ ಆಸೆ ಇತ್ತು, ಅವನ ಮೇಲಿನವನು ಬೇಡವೆಂದ.

ಇತ್ತ ಇಂಫಾಲಿಗೆ ರಸ್ತೆ ಕಡಿದುಹೋಗಿತ್ತು. ಸ್ಲಿಮ್ ಎಂಬ ಬ್ರಿಟಿಷ್ ಸೇನಾಪತಿ ಇಂಥ ದಿನ ಬರುತ್ತದೆಂದು ಮೊದಲೇ ಲೆಕ್ಕ ಹಾಕಿದ್ದ. ಬರ್ಮಾದ ಅರಕಾನಿನಿಂದ ಭಾರತದ 5ನೆಯ ಡಿವಿಷನ್ನನ್ನು ಫಿರಂಗಿ, ಹೇಸರಗತ್ತೆ ಸಮೇತ ವಿಮಾನದಲ್ಲಿ ಎತ್ತಿ ತಂದ. ಕದನ ಮುಗಿಯುವುದರೊಳಗೆ ವಿಮಾನಗಳು ತಂದದ್ದು 19,000 ಟನ್ ಸಾಮಾನು, 12,000 ಜನ. ಹೊರಗೆ ಒಯ್ದದ್ದು 13,000 ಗಾಯಾಳುಗಳು, 43,000 ಯುದ್ಧ ಮಾಡದ ಮಂದಿ. ತಿನ್ನುವ ಬಾಯಿ ಕಡಿಮೆಯಾಗಲಿ ಎಂದು. ದಾಸ್ತಾನು ಪುಸ್ತಕದಲ್ಲಿ ಇನ್ನೊಂದು ಸಾಲಿದೆ: 1,200 ಚೀಲ ಅಂಚೆ, 4 ಕೋಟಿ 30 ಲಕ್ಷ ಸಿಗರೇಟು. ಸ್ಟಾಲಿನ್‌ಗ್ರಾಡಿನ ನೂರು ಗ್ರಾಂ ಬ್ರೆಡ್ಡನ್ನು ನೆನೆದು ಈ ಸಾಲನ್ನು ಓದಿ.

ಈ ರಣರಂಗದ ವಿಮಾನಗಳು ಕೆಟ್ಟರೆ ದುರಸ್ತಿ ಆಗುತ್ತಿದ್ದ ಜಾಗಗಳಲ್ಲಿ ಬೆಂಗಳೂರೂ ಒಂದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ತೆರೆದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ನಡೆಸತೊಡಗಿತ್ತು. ಕ್ಯಾಟಲಿನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ಹೌದು, ಈಗ ನೊರೆ ಉಕ್ಕುತ್ತದಲ್ಲ, ಅದೇ ಕೆರೆ.

ಆಕಾಶದಿಂದ ಸಿಗರೇಟು ಇಳಿದದ್ದನ್ನು ಹೇಳಿ ಬಂಗಾಳವನ್ನು ಹೇಳದೆ ಹೋದರೆ ಉಗ್ರಾಣದವನಾಗಿ ನಾನು ಸುಳ್ಳು ಲೆಕ್ಕ ಬರೆದಂತೆ. ಹಿಂದಿನ ವರ್ಷವೇ, 1943ರಲ್ಲಿ, ಇಂಫಾಲಿನ ಬೆನ್ನ ಹಿಂದಿನ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಬರದಲ್ಲಿ ಸತ್ತರು. ಬರ್ಮಾ ಜಪಾನಿಯರ ಕೈಸೇರಿ ಅಲ್ಲಿನ ಅಕ್ಕಿ ನಿಂತಿತ್ತು. ಜಪಾನಿಯರಿಗೆ ಸಿಗಬಾರದೆಂದು ಸರ್ಕಾರವೇ ಕರಾವಳಿಯ ಹಳ್ಳಿಗಳ ದೋಣಿಗಳನ್ನೂ ಹೆಚ್ಚುವರಿ ಅಕ್ಕಿಯನ್ನೂ ತೆಗೆಸಿತ್ತು. ದೋಣಿಯಿಲ್ಲದೆ ಮೀನೂ ಇಲ್ಲ, ಸಂತೆಯೂ ಇಲ್ಲ. ಧಾನ್ಯ ತರಲು ಹಡಗು ಕೊಡಿ ಎಂದು ದೆಹಲಿಯಿಂದ ಮತ್ತೆ ಮತ್ತೆ ಕೇಳಿದರೂ ಲಂಡನ್ ಕೈಬಿಗಿ ಹಿಡಿಯಿತು. ಲೆಕ್ಕ ಬಲ್ಲವರು ಅಲ್ಲಿ ಇರಲಿಲ್ಲವೆಂದಲ್ಲ. ಯಾರ ಹೆಸರನ್ನು ಪಟ್ಟಿಯಲ್ಲಿ ಬರೆದುಕೊಂಡು ಲೆಕ್ಕ ಶುರುಮಾಡಿದರು ಎಂಬುದು ಪ್ರಶ್ನೆ.

ಬೆಟ್ಟದ ಮೇಲೆ ಮುಂಗಾರು ಇಳಿಯಿತು. ಜಪಾನಿಯರ ಜೊತೆ ಬಂದಿದ್ದ ಆಜಾದ್ ಹಿಂದ್ ಫೌಜಿನವರೂ ಅದೇ ಹಸಿವಿನಲ್ಲಿ ಬೆಂದರು. ಏಪ್ರಿಲ್ 14ರಂದು ಮಣಿಪುರದ ಮೊಯಿರಾಂಗಿನಲ್ಲಿ ತ್ರಿವರ್ಣ ಏರಿಸಿದ ಆ ಸೈನಿಕರಿಗೆ ಎರಡು ತಿಂಗಳ ನಂತರ ಕಾಡಿನ ಸೊಪ್ಪು ಊಟವಾಗಿತ್ತು. ಎದುರಿನ ಗುಂಡಿಯಲ್ಲಿ ಕೂತವನೂ ನಮ್ಮವನೇ. ಈ ಮಾತನ್ನು ಹೇಗೆ ಮುಂದುವರಿಸಬೇಕೋ ನನಗೆ ತಿಳಿಯುವುದಿಲ್ಲ.

ಸಾಟೊ ಅಕ್ಕಿ ಕಳುಹಿಸಿ, ಗುಂಡು ಕಳುಹಿಸಿ ಎಂದು ಸಂದೇಶದ ಮೇಲೆ ಸಂದೇಶ ಕಳುಹಿಸಿದ. ಏನೂ ಬರಲಿಲ್ಲ. ಮೇ ಕೊನೆಯಲ್ಲಿ, ಆಜ್ಞೆ ಮೀರಿ, ತನ್ನ ಡಿವಿಷನ್ನನ್ನು ಹಿಂದಕ್ಕೆ ಹೊರಡಿಸಿದ. ಜಪಾನಿ ಸೈನ್ಯದಲ್ಲಿ ಒಬ್ಬ ಡಿವಿಷನ್ ಕಮಾಂಡರ್ ಹೀಗೆ ಮಾಡುವುದು ಕೇಳರಿಯದ ಸಂಗತಿ. ಜೂನ್ 22ರಂದು ಕೊಹಿಮಾ ಮತ್ತು ಇಂಫಾಲಿನ ನಡುವೆ 109ನೆಯ ಮೈಲಿಗಲ್ಲಿನ ಹತ್ತಿರ ಎರಡೂ ಕಡೆಯಿಂದ ಬಂದ ಸೈನಿಕರು ಕೂಡಿ ರಸ್ತೆ ತೆರೆಯಿತು. ಜುಲೈಯಲ್ಲಿ ಮುತಗುಚಿ ಇಡೀ ಸೈನ್ಯವನ್ನೇ ಹಿಂದಕ್ಕೆ ಕರೆಯಬೇಕಾಯಿತು. ಕೆಸರು, ಮಲೇರಿಯಾ, ಆಮಶಂಕೆ, ಹಸಿವು. ಬರ್ಮಾದ ಕಡೆಗಿನ ಆ ದಾರಿಯನ್ನು ಬದುಕುಳಿದವರು ಬಿಳಿ ಎಲುಬುಗಳ ದಾರಿ ಎಂದು ಕರೆದರು.

ಸಾಟೊನನ್ನು ಹುದ್ದೆಯಿಂದ ತೆಗೆದರು. ಅವನು ಹಿಂದಿರುಗಿದಾಗ ಒಬ್ಬ ಕರ್ನಲ್ ಬಿಳಿ ಬಟ್ಟೆಯನ್ನೂ ಕತ್ತಿಯನ್ನೂ ಮುಂದಿಟ್ಟ; ಮಾನ ಉಳಿಸಿಕೊಳ್ಳಲು ಹೊಟ್ಟೆ ಸೀಳಿಕೊಂಡು ಸಾಯಬಹುದು ಎಂದು ಅದರ ಅರ್ಥ. ಸಾಟೊ ಮುಟ್ಟಲಿಲ್ಲ. ನನ್ನ ಮೇಲೆ ಸೇನಾ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಿ ಎಂದು ಕೇಳಿದ. ಎಷ್ಟು ಬೇಕೆಂದು ಕೇಳಿದ್ದೆ, ಎಷ್ಟು ಕಳುಹಿಸಿದಿರಿ ಎಂಬುದನ್ನು ಅಲ್ಲಿ ಎಲ್ಲರ ಎದುರು ಓದಿ ಹೇಳಬೇಕಿತ್ತು ಅವನಿಗೆ. ಸೈನ್ಯದವರು ವೈದ್ಯರನ್ನು ಕರೆಸಿದರು. ಇವನಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಬರೆಸಿಕೊಂಡರು. ವಿಚಾರಣೆ ನಡೆಯಲಿಲ್ಲ.